ಮಾರೆ ನೋಸ್ಟ್ರಮ್ ಕಾರ್ಯಾಚರಣೆ

ಮಾರೆ ನೋಸ್ಟ್ರಮ್ ಕಾರ್ಯಾಚರಣೆಯು ಮೆಡಿಟರೇನಿಯನ್ ಸಮುದ್ರದ ಮಧ್ಯಭಾಗದಲ್ಲಿ ಇಟಲಿಯ ನೌಕಾಪಡೆಯು 2013ರ ಅಕ್ಟೋಬರ್ 18ರಿಂದ 2014ರ ಅಕ್ಟೋಬರ್ 31ರವರೆಗೆ ನಡೆಸಿದ ಸೇನಾ ಹಾಗೂ ಮಾನವೀಯ ಕಾರ್ಯಾಚರಣೆಯಾಗಿದೆ. ಉತ್ತರ ಆಫ್ರಿಕಾದ ತೀರದಿಂದ, ಮುಖ್ಯವಾಗಿ ಲಿಬಿಯಾದಿಂದ, ಯೂರೋಪಿನತ್ತ ಹೊರಟು ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದ ವಲಸಿಗರನ್ನು ರಕ್ಷಿಸುವುದು ಮತ್ತು ಅವರನ್ನು ಸಾಗಿಸುವ ಕಳ್ಳಸಾಗಣೆದಾರರನ್ನು ಹಿಡಿದು ನ್ಯಾಯಾಲಯದ ಮುಂದೆ ನಿಲ್ಲಿಸುವುದು ಇದರ ಎರಡು ಉದ್ದೇಶಗಳಾಗಿದ್ದವು. ಒಂದು ವರ್ಷಕ್ಕಿಂತ ತುಸು ಹೆಚ್ಚಿನ ಈ ಅವಧಿಯಲ್ಲಿ ಸುಮಾರು 1.5 ಲಕ್ಷ ಜನರನ್ನು ಸಮುದ್ರದಿಂದ ರಕ್ಷಿಸಲಾಯಿತು.

ಯುದ್ಧಕ್ಕಾಗಿ ನಿರ್ಮಿಸಿದ ನೌಕೆಗಳನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಜೀವರಕ್ಷಣೆಗೆ ಬಳಸಿದ ಕಾರಣ ಈ ಕಾರ್ಯಾಚರಣೆಯು ಆಧುನಿಕ ನೌಕಾ ಇತಿಹಾಸದಲ್ಲಿ ಗಮನಾರ್ಹ ಸ್ಥಾನ ಪಡೆದಿದೆ. ಸಮುದ್ರದಲ್ಲಿ ಜನರನ್ನು ರಕ್ಷಿಸುವುದರಿಂದ ವಲಸೆಗೆ ಪ್ರೋತ್ಸಾಹ ದೊರೆಯುತ್ತದೆಯೇ ಎಂಬ ಪ್ರಶ್ನೆಯು ಇದರ ಕಾಲದಲ್ಲಿಯೇ ಯೂರೋಪಿನಲ್ಲಿ ತೀವ್ರ ಚರ್ಚೆಗೆ ಒಳಗಾಯಿತು. ಕಾರ್ಯಾಚರಣೆಯನ್ನು ನಿಲ್ಲಿಸಿದ ಮರುವರ್ಷದ ಘಟನೆಗಳು ಆ ಚರ್ಚೆಯ ಮುಖ್ಯ ಆಧಾರಗಳಾಗಿವೆ.

ಹೆಸರು

'ಮಾರೆ ನೋಸ್ಟ್ರಮ್' ಎಂಬುದು ಲ್ಯಾಟಿನ್ ಭಾಷೆಯ ಪದಪುಂಜ. 'ನಮ್ಮ ಸಮುದ್ರ' ಎಂಬುದು ಇದರ ಅರ್ಥ. ಪ್ರಾಚೀನ ರೋಮನ್ನರು ಮೆಡಿಟರೇನಿಯನ್ ಸಮುದ್ರವನ್ನು ಈ ಹೆಸರಿನಿಂದ ಕರೆಯುತ್ತಿದ್ದರು. 20ನೆಯ ಶತಮಾನದಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಆಡಳಿತವು ಆ ಸಮುದ್ರದ ಮೇಲೆ ಇಟಲಿಯ ಒಡೆತನವನ್ನು ಸಾರಲು ಇದೇ ಹೆಸರನ್ನು ಬಳಸಿಕೊಂಡಿತು. 2013ರಲ್ಲಿ ಈ ಹೆಸರನ್ನು ಆರಿಸಿಕೊಂಡಾಗ ಅದು ಒಡೆತನದ ಬದಲು ಹೊಣೆಗಾರಿಕೆಯ ಅರ್ಥವನ್ನು ಪಡೆಯಿತು.

ಹಿನ್ನೆಲೆ

ವಲಸೆಯ ಮಾರ್ಗ

ಲಿಬಿಯಾ ಮತ್ತು ಟ್ಯುನೀಷಿಯಾಗಳ ತೀರದಿಂದ ಇಟಲಿ ಹಾಗೂ ಮಾಲ್ಟಾದ ಕಡೆಗೆ ಸಾಗುವ ಸಮುದ್ರಮಾರ್ಗವನ್ನು ಮಧ್ಯ ಮೆಡಿಟರೇನಿಯನ್ ಮಾರ್ಗವೆಂದು ಕರೆಯುತ್ತಾರೆ. ಇಟಲಿಗೆ ಸೇರಿದ ಲ್ಯಾಂಪೆಡೂಸಾ ಎಂಬ ಪುಟ್ಟ ದ್ವೀಪವು ಈ ಮಾರ್ಗದಲ್ಲಿದೆ. ಸುಮಾರು 20 ಚದರ ಕಿಲೋಮೀಟರ್ ವಿಸ್ತೀರ್ಣದ ಈ ದ್ವೀಪವು ಸಿಸಿಲಿಗಿಂತ ಆಫ್ರಿಕಾದ ತೀರಕ್ಕೆ ಹೆಚ್ಚು ಹತ್ತಿರದಲ್ಲಿದೆ. ಆದುದರಿಂದಲೇ ಅನೇಕ ವರ್ಷಗಳಿಂದ ವಲಸಿಗರ ದೋಣಿಗಳು ಮೊದಲು ತಲುಪಲು ಯತ್ನಿಸುವ ನೆಲ ಇದಾಗಿದೆ.

2011ರಲ್ಲಿ ಲಿಬಿಯಾದಲ್ಲಿ ಮುಅಮ್ಮರ್ ಗಡಾಫಿಯ ಆಡಳಿತ ಪತನಗೊಂಡ ಮೇಲೆ ಅಲ್ಲಿ ಕೇಂದ್ರ ಸರ್ಕಾರದ ಹಿಡಿತ ಸಡಿಲವಾಯಿತು. ತೀರಪ್ರದೇಶವು ಸಶಸ್ತ್ರ ಗುಂಪುಗಳ ಮತ್ತು ಕಳ್ಳಸಾಗಣೆದಾರರ ವಶವಾಯಿತು. ಅದೇ ಸಮಯದಲ್ಲಿ ಸಿರಿಯಾದ ಅಂತರ್ಯುದ್ಧ, ಎರಿಟ್ರಿಯಾದಲ್ಲಿ ಅನಿರ್ದಿಷ್ಟ ಕಾಲದ ಕಡ್ಡಾಯ ಸೇವೆ, ಸೊಮಾಲಿಯಾದ ಅರಾಜಕತೆ ಮೊದಲಾದ ಕಾರಣಗಳಿಂದ ದೇಶ ಬಿಟ್ಟವರ ಸಂಖ್ಯೆ ಏರುತ್ತಿತ್ತು. ಕಾನೂನುಬದ್ಧವಾಗಿ ಯೂರೋಪನ್ನು ಪ್ರವೇಶಿಸುವ ದಾರಿ ಇವರಲ್ಲಿ ಬಹುತೇಕರಿಗೆ ಇರಲಿಲ್ಲ. ಹಳೆಯ ಮೀನುಗಾರಿಕೆ ದೋಣಿಗಳಲ್ಲಿ ಅಥವಾ ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಮಿತಿಮೀರಿ ಜನರನ್ನು ತುಂಬಿ ಸಮುದ್ರಕ್ಕೆ ಬಿಡುವುದು ಕಳ್ಳಸಾಗಣೆದಾರರ ರೂಢಿಯಾಗಿತ್ತು.

ಲ್ಯಾಂಪೆಡೂಸಾ ದುರಂತ

2013ರ ಅಕ್ಟೋಬರ್ 3ರ ಮುಂಜಾನೆ, ಲಿಬಿಯಾದ ಮಿಸ್ರಾತಾದಿಂದ ಸುಮಾರು 500 ಜನರನ್ನು ಹೊತ್ತು ಬಂದ ಮೀನುಗಾರಿಕೆ ದೋಣಿಯೊಂದು ಲ್ಯಾಂಪೆಡೂಸಾ ತೀರದ ಸಮೀಪದಲ್ಲೇ ಕೆಟ್ಟು ನಿಂತಿತು. ದೋಣಿಯಲ್ಲಿದ್ದವರಲ್ಲಿ ಬಹುಪಾಲು ಮಂದಿ ಎರಿಟ್ರಿಯಾದವರು. ದಡದವರ ಗಮನ ಸೆಳೆಯಲು ಕಂಬಳಿಯೊಂದಕ್ಕೆ ಬೆಂಕಿ ಹಚ್ಚಲಾಯಿತು. ಬೆಂಕಿ ಹಬ್ಬಿದಾಗ ಹೆದರಿದ ಜನ ಒಂದೇ ಬದಿಗೆ ಸರಿದರು ಮತ್ತು ದೋಣಿ ಮಗುಚಿತು. 360ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಬದುಕಿ ಉಳಿದವರು 155 ಮಂದಿ. ದ್ವೀಪದ ವಿಮಾನ ನಿಲ್ದಾಣದ ಕೊಟ್ಟಿಗೆಯಲ್ಲಿ ಸಾಲಾಗಿ ಇರಿಸಿದ್ದ ಶವಪೆಟ್ಟಿಗೆಗಳ ಚಿತ್ರಗಳು ಯೂರೋಪಿನಾದ್ಯಂತ ಜನಾಭಿಪ್ರಾಯವನ್ನು ಕಲಕಿದವು.

ಅಕ್ಟೋಬರ್ 11ರ ದುರಂತ

ಒಂದು ವಾರದ ಬಳಿಕ, ಅಕ್ಟೋಬರ್ 11ರಂದು, ಲಿಬಿಯಾದ ಜುವಾರಾದಿಂದ ಹೊರಟಿದ್ದ ಮತ್ತೊಂದು ದೋಣಿ ಮುಳುಗಿತು. ಅದರಲ್ಲಿದ್ದವರು ಹೆಚ್ಚಾಗಿ ಸಿರಿಯಾದ ಕುಟುಂಬಗಳಿಗೆ ಸೇರಿದವರು. ದೋಣಿಯಲ್ಲಿದ್ದವರು ಉಪಗ್ರಹ ದೂರವಾಣಿಯ ಮೂಲಕ ರೋಮ್ ನಗರದ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಕರೆ ಮಾಡಿದರು. ಆ ಜಲಪ್ರದೇಶ ಮಾಲ್ಟಾದ ಹೊಣೆಗೆ ಸೇರಿದ್ದರಿಂದ ಮಾಲ್ಟಾವನ್ನು ಸಂಪರ್ಕಿಸುವಂತೆ ಅವರಿಗೆ ತಿಳಿಸಲಾಯಿತು. ಇಟಲಿಯ ನೌಕಾಪಡೆಯ 'ಲಿಬ್ರಾ' ಎಂಬ ಗಸ್ತು ನೌಕೆ ಅಲ್ಲಿಗೆ ಹತ್ತಿರದಲ್ಲೇ ಇತ್ತು. ಹೊಣೆ ಯಾರದೆಂದು ಎರಡು ದೇಶಗಳ ನಡುವೆ ಗಂಟೆಗಟ್ಟಲೆ ಮಾತುಕತೆ ನಡೆಯುತ್ತಿದ್ದಾಗ ದೋಣಿ ಮಗುಚಿತು. 200ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಸುಮಾರು 60 ಮಂದಿ ಮಕ್ಕಳು.

ಈ ಪ್ರಕರಣದಲ್ಲಿ ಸಕಾಲಕ್ಕೆ ಸ್ಪಂದಿಸದೆ ಇಟಲಿಯು ಜೀವಿಸುವ ಹಕ್ಕನ್ನು ರಕ್ಷಿಸುವಲ್ಲಿ ವಿಫಲವಾಯಿತೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು 2021ರ ಜನವರಿಯಲ್ಲಿ ಅಭಿಪ್ರಾಯಪಟ್ಟಿತು.

ಈ ಎರಡು ದುರಂತಗಳ ಹಿನ್ನೆಲೆಯಲ್ಲಿ ಪ್ರಧಾನಿ ಎನ್ರಿಕೊ ಲೆಟ್ಟಾ ಅವರ ಸರ್ಕಾರವು ಮಾರೆ ನೋಸ್ಟ್ರಮ್ ಕಾರ್ಯಾಚರಣೆಯನ್ನು ಘೋಷಿಸಿತು. ಲ್ಯಾಂಪೆಡೂಸಾ ದುರಂತ ನಡೆದ 15 ದಿನಗಳಲ್ಲಿ ನೌಕೆಗಳು ಸಮುದ್ರಕ್ಕಿಳಿದವು.

ಕಾನೂನಿನ ನೆಲೆ

ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದವರಿಗೆ ನೆರವಾಗುವುದು ನಾವಿಕರ ಪುರಾತನ ಸಂಪ್ರದಾಯ. ಆಧುನಿಕ ಕಾಲದಲ್ಲಿ ಇದು ಅಂತಾರಾಷ್ಟ್ರೀಯ ಕಾನೂನಿನ ರೂಪ ಪಡೆದಿದೆ. ಈ ಕಾರ್ಯಾಚರಣೆಗೆ ಸಂಬಂಧಿಸಿದ ಪ್ರಮುಖ ಒಪ್ಪಂದಗಳು ಹೀಗಿವೆ:

- ಸಮುದ್ರದಲ್ಲಿ ಜೀವಸುರಕ್ಷತೆಯ ಒಪ್ಪಂದ (1974): ಅಪಾಯದ ಕರೆ ಕೇಳಿದ ಹಡಗಿನ ನಾಯಕನು ಆದಷ್ಟು ಬೇಗ ನೆರವಿಗೆ ಧಾವಿಸಬೇಕು.
- ಕಡಲ ಶೋಧ ಮತ್ತು ರಕ್ಷಣಾ ಒಪ್ಪಂದ (1979): ಸಮುದ್ರವನ್ನು ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದು ವಲಯದ ರಕ್ಷಣಾಕಾರ್ಯದ ಸಮನ್ವಯವನ್ನು ಒಂದೊಂದು ದೇಶಕ್ಕೆ ವಹಿಸುತ್ತದೆ.
- ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ (1982): ಇದರ 98ನೆಯ ವಿಧಿಯು ನೆರವು ನೀಡುವುದನ್ನು ಎಲ್ಲ ದೇಶಗಳ ಹಡಗುಗಳ ಕರ್ತವ್ಯವಾಗಿಸುತ್ತದೆ.
- ನಿರಾಶ್ರಿತರ ಒಪ್ಪಂದ (1951): ಇದರ 33ನೆಯ ವಿಧಿಯ ಪ್ರಕಾರ, ಪ್ರಾಣಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಅಪಾಯವಿರುವ ದೇಶಕ್ಕೆ ನಿರಾಶ್ರಿತರನ್ನು ಹಿಂದಿರುಗಿಸುವಂತಿಲ್ಲ.

ಮೊದಲ ಎರಡು ಒಪ್ಪಂದಗಳಿಗೆ 2004ರಲ್ಲಿ ತಂದ ತಿದ್ದುಪಡಿಗಳು, ರಕ್ಷಿಸಲ್ಪಟ್ಟವರನ್ನು 'ಸುರಕ್ಷಿತ ಸ್ಥಳ'ಕ್ಕೆ ತಲುಪಿಸುವುದನ್ನೂ ಕರ್ತವ್ಯದ ಭಾಗವಾಗಿಸಿದವು. ಮಾಲ್ಟಾ ಈ ತಿದ್ದುಪಡಿಗಳನ್ನು ಒಪ್ಪಲಿಲ್ಲ. ರಕ್ಷಿಸಿದವರನ್ನು ಯಾವ ಬಂದರಿನಲ್ಲಿ ಇಳಿಸಬೇಕೆಂಬ ವಿವಾದ ಇಟಲಿ ಮತ್ತು ಮಾಲ್ಟಾಗಳ ನಡುವೆ ಮರುಕಳಿಸುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಈ ಕಾರ್ಯಾಚರಣೆಗೆ ಮುನ್ನ ಇಟಲಿಯ ನೀತಿ ಬೇರೆಯಾಗಿತ್ತು. 2009ರ ಮೇ ತಿಂಗಳಲ್ಲಿ ಇಟಲಿಯ ನೌಕೆಗಳು ಲ್ಯಾಂಪೆಡೂಸಾದ ದಕ್ಷಿಣಕ್ಕೆ ಸುಮಾರು 200 ವಲಸಿಗರನ್ನು ತಡೆದು, ಅವರ ಆಶ್ರಯದ ಕೋರಿಕೆಯನ್ನು ಪರಿಶೀಲಿಸದೆಯೇ ಲಿಬಿಯಾದ ಟ್ರಿಪೊಲಿಗೆ ಒಯ್ದು ಒಪ್ಪಿಸಿದ್ದವು. ಅವರಲ್ಲಿ 24 ಮಂದಿ ಹೂಡಿದ ದಾವೆಯಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2012ರ ಫೆಬ್ರವರಿ 23ರಂದು ಇಟಲಿಯ ವಿರುದ್ಧ ತೀರ್ಪು ನೀಡಿತು. ತನ್ನ ನೌಕೆಯ ಮೇಲಿರುವವರ ವಿಷಯದಲ್ಲಿ ಒಂದು ದೇಶದ ಹೊಣೆಗಾರಿಕೆಯು ಅಂತಾರಾಷ್ಟ್ರೀಯ ಜಲಪ್ರದೇಶದಲ್ಲಿಯೂ ಮುಂದುವರಿಯುತ್ತದೆ ಎಂಬುದು ಈ ತೀರ್ಪಿನ ತಿರುಳು. ಈ ತೀರ್ಪಿನ ಬಳಿಕ ನಡೆದ ಮಾರೆ ನೋಸ್ಟ್ರಮ್‌ನಲ್ಲಿ ರಕ್ಷಿಸಲ್ಪಟ್ಟವರನ್ನು ಇಟಲಿಯ ಬಂದರುಗಳಿಗೆ ಕರೆತರಲಾಯಿತು.

ಕಾರ್ಯಾಚರಣೆಯ ಸ್ವರೂಪ

ನೌಕೆಗಳು ಮತ್ತು ವಿಮಾನಗಳು

ಸಿಸಿಲಿ ಜಲಸಂಧಿಯಲ್ಲಿ ಸುಮಾರು 70,000 ಚದರ ಕಿಲೋಮೀಟರ್ ಪ್ರದೇಶ ಕಾರ್ಯಾಚರಣೆಯ ವ್ಯಾಪ್ತಿಗೆ ಒಳಪಟ್ಟಿತ್ತು. ಇದು ಸಿಸಿಲಿ ದ್ವೀಪದ ವಿಸ್ತೀರ್ಣದ ಎರಡೂವರೆ ಪಟ್ಟಿಗೂ ಹೆಚ್ಚು. ನೌಕೆಗಳು ಇಟಲಿಯ ತೀರದಲ್ಲಿ ಕಾಯದೆ ಲಿಬಿಯಾದ ಜಲಪ್ರದೇಶದ ಸಮೀಪದವರೆಗೂ ಗಸ್ತು ತಿರುಗುತ್ತಿದ್ದುದು ಇದರ ವೈಶಿಷ್ಟ್ಯ.

ಕಾರ್ಯಾಚರಣೆಯಲ್ಲಿ ಸಾಮಾನ್ಯವಾಗಿ ಒಂದು ಉಭಯಚರ ನೌಕೆ, ಫ್ರಿಗೇಟ್ ವರ್ಗದ ಯುದ್ಧನೌಕೆಗಳು ಮತ್ತು ಗಸ್ತು ನೌಕೆಗಳು ಸರದಿಯಂತೆ ಸಮುದ್ರದಲ್ಲಿರುತ್ತಿದ್ದವು. ಸೈನಿಕರನ್ನೂ ವಾಹನಗಳನ್ನೂ ಶತ್ರುತೀರದಲ್ಲಿ ಇಳಿಸಲು ನಿರ್ಮಿಸಿದ 'ಸಾನ್ ಜಾರ್ಜೊ', 'ಸಾನ್ ಮಾರ್ಕೊ' ಮತ್ತು 'ಸಾನ್ ಜೂಸ್ತೊ' ಎಂಬ ಉಭಯಚರ ನೌಕೆಗಳು ಈ ಕೆಲಸಕ್ಕೆ ವಿಶೇಷವಾಗಿ ಒದಗಿಬಂದವು. ಈ ನೌಕೆಗಳ ಹಿಂಭಾಗದಲ್ಲಿ ನೀರು ತುಂಬಬಹುದಾದ ಅಂಗಳವಿದ್ದು, ಸಣ್ಣ ದೋಣಿಗಳು ನೇರವಾಗಿ ಒಳಗೆ ಬರಬಹುದು. ಎತ್ತರದ ಹಡಗಿನ ಬದಿಗೆ ಇಳಿಬಿಟ್ಟ ಏಣಿಯನ್ನು ಹತ್ತಲಾರದ ಮಕ್ಕಳು, ಗರ್ಭಿಣಿಯರು ಮತ್ತು ರೋಗಿಗಳನ್ನು ಇದರಿಂದ ಸುಲಭವಾಗಿ ಹಡಗಿಗೆ ತರಲು ಸಾಧ್ಯವಾಯಿತು. ಹೆಲಿಕಾಪ್ಟರ್‌ಗಳು, ಗಸ್ತು ವಿಮಾನಗಳು ಮತ್ತು ಚಾಲಕರಹಿತ ವಿಮಾನಗಳು ದೋಣಿಗಳನ್ನು ಪತ್ತೆಹಚ್ಚಲು ನೆರವಾಗುತ್ತಿದ್ದವು.

ನೌಕಾಪಡೆಯ ಜೊತೆಗೆ ಇಟಲಿಯ ವಾಯುಪಡೆ, ಕರಾವಳಿ ಕಾವಲು ಪಡೆ ಮತ್ತು ಪೊಲೀಸ್ ಇಲಾಖೆಗಳು ಭಾಗವಹಿಸಿದವು. ಸ್ವಯಂಸೇವಾ ಸಂಸ್ಥೆಗಳ ವೈದ್ಯರೂ ದಾದಿಯರೂ ನೌಕೆಗಳಲ್ಲಿ ಸೇವೆ ಸಲ್ಲಿಸಿದರು. ಐರೋಪ್ಯ ಒಕ್ಕೂಟದ ಇತರ ಸದಸ್ಯ ರಾಷ್ಟ್ರಗಳ ಪೈಕಿ ಸ್ಲೊವೇನಿಯಾ ತನ್ನ 'ಟ್ರಿಗ್ಲಾವ್' ಎಂಬ ಗಸ್ತು ನೌಕೆಯನ್ನು ಕೆಲಕಾಲ ಕಳುಹಿಸಿಕೊಟ್ಟಿತು.

ರಕ್ಷಣೆಯ ವಿಧಾನ

ಬಹುತೇಕ ಸಂದರ್ಭಗಳಲ್ಲಿ ದೋಣಿಯಿಂದ ಬರುವ ಉಪಗ್ರಹ ದೂರವಾಣಿಯ ಕರೆಯೇ ಮೊದಲ ಸುಳಿವು. ಕರಾವಳಿ ಕಾವಲು ಪಡೆಯ ರೋಮ್ ಕೇಂದ್ರವು ದೋಣಿ ಇರುವ ಸ್ಥಾನವನ್ನು ಗುರುತಿಸಿ, ಸಮೀಪದ ಹಡಗಿಗೆ ಸೂಚನೆ ನೀಡುತ್ತಿತ್ತು. ಅದು ಯುದ್ಧನೌಕೆಯಾಗಿರಬಹುದು ಅಥವಾ ಆ ದಾರಿಯಲ್ಲಿ ಸಾಗುತ್ತಿದ್ದ ವ್ಯಾಪಾರಿ ಹಡಗೂ ಆಗಿರಬಹುದು.

ರಕ್ಷಣೆಯ ಅತ್ಯಂತ ಅಪಾಯಕಾರಿ ಘಟ್ಟ ಹಡಗು ಸಮೀಪಿಸುವ ಹೊತ್ತು. ದೊಡ್ಡ ಹಡಗನ್ನು ಕಂಡೊಡನೆ ಜನ ಒಂದೇ ಬದಿಗೆ ನುಗ್ಗಿದರೆ ದೋಣಿ ಮಗುಚಿಬಿಡುತ್ತದೆ. ಆದ್ದರಿಂದ ಯುದ್ಧನೌಕೆಯು ತುಸು ದೂರದಲ್ಲೇ ನಿಂತು, ವೇಗದ ಸಣ್ಣ ದೋಣಿಗಳನ್ನು ಮುಂದೆ ಕಳುಹಿಸುತ್ತಿತ್ತು. ಅವುಗಳಲ್ಲಿದ್ದ ನಾವಿಕರು ಜನರನ್ನು ಕುಳಿತಲ್ಲೇ ಇರುವಂತೆ ಸಮಾಧಾನಪಡಿಸಿ, ಮೊದಲು ಎಲ್ಲರಿಗೂ ಲೈಫ್ ಜಾಕೆಟ್‌ಗಳನ್ನು ಹಂಚುತ್ತಿದ್ದರು. ಬಳಿಕ ಕೆಲವೇ ಜನರಂತೆ ತಂಡತಂಡವಾಗಿ ಅವರನ್ನು ಸ್ಥಳಾಂತರಿಸಲಾಗುತ್ತಿತ್ತು.

ಹಡಗಿನ ಮೇಲೆ ವೈದ್ಯಕೀಯ ತಪಾಸಣೆ, ನೀರು, ಆಹಾರ ಮತ್ತು ಕಂಬಳಿಗಳ ವ್ಯವಸ್ಥೆ ಇರುತ್ತಿತ್ತು. ಪೊಲೀಸ್ ಅಧಿಕಾರಿಗಳು ವಲಸಿಗರ ಗುರುತು ದಾಖಲಿಸಿಕೊಂಡು, ದೋಣಿ ನಡೆಸಿದವರು ಯಾರೆಂಬುದನ್ನು ವಿಚಾರಿಸುತ್ತಿದ್ದರು. ಅನಂತರ ಔಗುಸ್ತಾ, ಪೊಜ್ಜಾಲ್ಲೊ, ಕತಾನಿಯಾ ಮುಂತಾದ ಸಿಸಿಲಿಯ ಬಂದರುಗಳಲ್ಲಿ ಅವರನ್ನು ಇಳಿಸಲಾಗುತ್ತಿತ್ತು.

ಫಲಿತಾಂಶ ಮತ್ತು ಮಿತಿಗಳು

ಕಾರ್ಯಾಚರಣೆಯ ಅವಧಿಯಲ್ಲಿ ಸುಮಾರು 1.5 ಲಕ್ಷ ಜನರ ರಕ್ಷಣೆಯಾಯಿತು. 300ಕ್ಕೂ ಹೆಚ್ಚು ಶಂಕಿತ ಕಳ್ಳಸಾಗಣೆದಾರರ ಬಂಧನವಾಯಿತು. 2013ರಲ್ಲಿ ಸಮುದ್ರಮಾರ್ಗವಾಗಿ ಇಟಲಿಗೆ ಬಂದವರು ಸುಮಾರು 43,000 ಮಂದಿಯಾದರೆ, 2014ರಲ್ಲಿ ಈ ಸಂಖ್ಯೆ ಸುಮಾರು 1.7 ಲಕ್ಷಕ್ಕೆ ಏರಿತು. ಬಂದವರಲ್ಲಿ ಸಿರಿಯಾ ಮತ್ತು ಎರಿಟ್ರಿಯಾ ದೇಶದವರು ಅತಿ ಹೆಚ್ಚಿನ ಸಂಖ್ಯೆಯಲ್ಲಿದ್ದರು.

ಆದರೂ ಎಲ್ಲ ಸಾವುಗಳನ್ನು ತಡೆಯಲು ಸಾಧ್ಯವಾಗಲಿಲ್ಲ. 2014ರ ಜೂನ್ ಅಂತ್ಯದಲ್ಲಿ ನೌಕಾಪಡೆಯು ರಕ್ಷಿಸಿ ಪೊಜ್ಜಾಲ್ಲೊ ಬಂದರಿಗೆ ತಂದ ಮೀನುಗಾರಿಕೆ ದೋಣಿಯೊಂದರ ತಳಭಾಗದಲ್ಲಿ 45 ಶವಗಳು ಪತ್ತೆಯಾದವು. ಅವರು ಕಿಕ್ಕಿರಿದ ಇಕ್ಕಟ್ಟಿನಲ್ಲಿ ಉಸಿರುಗಟ್ಟಿ ಸತ್ತಿದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಾಲ್ಟಾದ ಸಮೀಪ ಕಳ್ಳಸಾಗಣೆದಾರರು ಬೇಕೆಂದೇ ಡಿಕ್ಕಿ ಹೊಡೆಸಿ ಮುಳುಗಿಸಿದ ದೋಣಿಯೊಂದರಲ್ಲಿ ಸುಮಾರು 500 ಮಂದಿ ಸತ್ತರೆಂದು ಬದುಕುಳಿದವರ ಹೇಳಿಕೆಗಳಿಂದ ತಿಳಿದುಬಂದಿತು. ಅಂತಾರಾಷ್ಟ್ರೀಯ ವಲಸೆ ಸಂಸ್ಥೆಯ ಲೆಕ್ಕದಂತೆ 2014ರಲ್ಲಿ ಇಡೀ ಮೆಡಿಟರೇನಿಯನ್ ಸಮುದ್ರದಲ್ಲಿ 3,200ಕ್ಕೂ ಹೆಚ್ಚು ವಲಸಿಗರು ಮೃತಪಟ್ಟರು.

ವೆಚ್ಚ ಮತ್ತು ವಿವಾದ

ಕಾರ್ಯಾಚರಣೆಗೆ ತಿಂಗಳಿಗೆ ಸುಮಾರು 90 ಲಕ್ಷ ಯೂರೊ ವೆಚ್ಚವಾಗುತ್ತಿತ್ತು. ಇದರ ಬಹುಪಾಲನ್ನು ಇಟಲಿಯೇ ಭರಿಸಿತು. ಐರೋಪ್ಯ ಒಕ್ಕೂಟವು ತನ್ನ ಗಡಿ ನಿಧಿಯಿಂದ ನೀಡಿದ ನೆರವು 18 ಲಕ್ಷ ಯೂರೊ. ಆಶ್ರಯ ಕೋರುವವರು ಮೊದಲು ಕಾಲಿಟ್ಟ ದೇಶವೇ ಸಾಮಾನ್ಯವಾಗಿ ಅವರ ಅರ್ಜಿಯನ್ನು ಪರಿಶೀಲಿಸಬೇಕೆಂಬ ಡಬ್ಲಿನ್ ನಿಯಮವೂ ಇಟಲಿಯ ಹೊರೆಯನ್ನು ಹೆಚ್ಚಿಸಿತು. ಮೆಡಿಟರೇನಿಯನ್ ಯೂರೋಪಿನ ಗಡಿಯಾಗಿರುವುದರಿಂದ ಹೊಣೆಯನ್ನು ಎಲ್ಲರೂ ಹಂಚಿಕೊಳ್ಳಬೇಕೆಂದು ಇಟಲಿ ಒತ್ತಾಯಿಸಿತು.

ಕಾರ್ಯಾಚರಣೆಯ ವಿರೋಧಿಗಳ ಮುಖ್ಯ ವಾದ 'ಆಕರ್ಷಣೆ'ಯನ್ನು ಕುರಿತದ್ದು. ನೌಕೆಗಳು ಕಾದುಕೊಂಡಿವೆ ಎಂದು ತಿಳಿದರೆ ಇನ್ನಷ್ಟು ಜನ ಸಮುದ್ರಕ್ಕಿಳಿಯುತ್ತಾರೆ, ಕಳ್ಳಸಾಗಣೆದಾರರು ಇನ್ನೂ ದುರ್ಬಲವಾದ ದೋಣಿಗಳನ್ನು ಬಳಸುತ್ತಾರೆ, ಕೊನೆಗೆ ಸಾವುಗಳೇ ಹೆಚ್ಚುತ್ತವೆ ಎಂಬುದು ಅವರ ನಿಲುವಾಗಿತ್ತು. 2014ರ ಅಕ್ಟೋಬರ್‌ನಲ್ಲಿ ಬ್ರಿಟನ್ ಸರ್ಕಾರವು ಇದೇ ಕಾರಣ ನೀಡಿ, ಮೆಡಿಟರೇನಿಯನ್‌ನಲ್ಲಿ ಯೋಜಿತ ಶೋಧ ಮತ್ತು ರಕ್ಷಣಾ ಕಾರ್ಯಾಚರಣೆಗಳನ್ನು ತಾನು ಬೆಂಬಲಿಸುವುದಿಲ್ಲವೆಂದು ಸಂಸತ್ತಿನಲ್ಲಿ ತಿಳಿಸಿತು. ಇಟಲಿಯ ಒಳಗೂ ವಲಸೆ ವಿರೋಧಿ ಪಕ್ಷಗಳು ಕಾರ್ಯಾಚರಣೆಯನ್ನು ಟೀಕಿಸಿದವು.

ಜನರನ್ನು ಸಮುದ್ರಕ್ಕೆ ತಳ್ಳುತ್ತಿರುವುದು ಯುದ್ಧ, ದಬ್ಬಾಳಿಕೆ ಮತ್ತು ಲಿಬಿಯಾದ ಭೀಕರ ಸ್ಥಿತಿಯೇ ಹೊರತು ನೌಕೆಗಳ ಇರುವಿಕೆಯಲ್ಲ ಎಂದು ಮಾನವ ಹಕ್ಕುಗಳ ಸಂಘಟನೆಗಳು ಪ್ರತಿವಾದ ಮಂಡಿಸಿದವು.

ಮುಕ್ತಾಯ ಮತ್ತು ಅನಂತರದ ಘಟನೆಗಳು

ಟ್ರೈಟನ್ ಕಾರ್ಯಾಚರಣೆ

2014ರ ಅಕ್ಟೋಬರ್ 31ರಂದು ಮಾರೆ ನೋಸ್ಟ್ರಮ್ ಕೊನೆಗೊಂಡಿತೆಂದು ಘೋಷಿಸಲಾಯಿತು. ಮರುದಿನ ಐರೋಪ್ಯ ಒಕ್ಕೂಟದ ಗಡಿ ಸಂಸ್ಥೆಯಾದ ಫ್ರಾಂಟೆಕ್ಸ್ 'ಟ್ರೈಟನ್' ಎಂಬ ಕಾರ್ಯಾಚರಣೆಯನ್ನು ಆರಂಭಿಸಿತು. ಟ್ರೈಟನ್‌ನ ಮುಖ್ಯ ಉದ್ದೇಶ ಗಡಿ ಕಾವಲು. ಅದರ ಆರಂಭದ ವೆಚ್ಚ ತಿಂಗಳಿಗೆ ಸುಮಾರು 29 ಲಕ್ಷ ಯೂರೊ, ಅಂದರೆ ಮಾರೆ ನೋಸ್ಟ್ರಮ್‌ನ ಮೂರನೆಯ ಒಂದು ಭಾಗದಷ್ಟು. ಅದರ ನೌಕೆಗಳು ಇಟಲಿಯ ತೀರದಿಂದ 30 ನಾಟಿಕಲ್ ಮೈಲಿಗಳ, ಎಂದರೆ ಸುಮಾರು 55 ಕಿಲೋಮೀಟರ್‌ಗಳ, ಆಸುಪಾಸಿನಲ್ಲಿ ಗಸ್ತು ತಿರುಗುತ್ತಿದ್ದವು. ದೋಣಿಗಳು ಹೆಚ್ಚಾಗಿ ಮುಳುಗುತ್ತಿದ್ದುದು ಅದಕ್ಕಿಂತ ಬಹಳ ದಕ್ಷಿಣಕ್ಕೆ, ಲಿಬಿಯಾದ ಕಡೆಗೆ. ಯುದ್ಧನೌಕೆಗಳು ಹಿಂದೆ ಸರಿದ ಆ ಜಲಪ್ರದೇಶದಲ್ಲಿ ರಕ್ಷಣೆಯ ಹೊಣೆಯು ದೊಡ್ಡ ಪ್ರಮಾಣದಲ್ಲಿ ವ್ಯಾಪಾರಿ ಹಡಗುಗಳ ಮೇಲೆ ಬಿದ್ದಿತು.

2015ರ ಏಪ್ರಿಲ್ ದುರಂತ

2015ರ ಏಪ್ರಿಲ್ 18ರ ರಾತ್ರಿ, ನೆರವಿಗೆಂದು ಬಂದ 'ಕಿಂಗ್ ಜೇಕಬ್' ಎಂಬ ಸರಕು ಹಡಗಿಗೆ ವಲಸಿಗರಿಂದ ತುಂಬಿದ್ದ ಮೀನುಗಾರಿಕೆ ದೋಣಿಯೊಂದು ಡಿಕ್ಕಿ ಹೊಡೆದು ಮುಳುಗಿತು. 800ಕ್ಕೂ ಹೆಚ್ಚು ಮಂದಿ ಮೃತಪಟ್ಟರೆಂದು ಅಂದಾಜಿಸಲಾಗಿದೆ. ಬದುಕಿ ಉಳಿದವರು 28 ಮಂದಿ. ಬೃಹತ್ ಸರಕು ಹಡಗುಗಳಿಗೆ ಇಂತಹ ರಕ್ಷಣೆಗೆ ಬೇಕಾದ ಸಣ್ಣ ದೋಣಿಗಳಾಗಲಿ, ತರಬೇತಿ ಪಡೆದ ಸಿಬ್ಬಂದಿಯಾಗಲಿ ಇರುವುದಿಲ್ಲ ಎಂಬ ಅಂಶವು ಈ ದುರಂತದಿಂದ ಎದ್ದುಕಂಡಿತು.

'ಆಕರ್ಷಣೆ'ಯ ವಾದವನ್ನು ಪರಿಶೀಲಿಸಲು ಈ ತಿಂಗಳುಗಳ ಅಂಕಿ ಅಂಶಗಳನ್ನು ಬಳಸಲಾಗುತ್ತದೆ. ಯುದ್ಧನೌಕೆಗಳು ಇಲ್ಲವಾದರೂ 2015ರ ಮೊದಲ ನಾಲ್ಕು ತಿಂಗಳಲ್ಲಿ ಇಟಲಿಗೆ ಬಂದವರ ಸಂಖ್ಯೆ ಹಿಂದಿನ ವರ್ಷದ ಅದೇ ಅವಧಿಯ ಸಂಖ್ಯೆಗೆ ಬಹುಮಟ್ಟಿಗೆ ಸಮನಾಗಿತ್ತು. ಸಾವಿನ ಸಂಖ್ಯೆ ಮಾತ್ರ ಏಪ್ರಿಲ್ ದುರಂತದ ವೇಳೆಗೆ ಸುಮಾರು 1,700ಕ್ಕೆ ತಲುಪಿ, ಹಿಂದಿನ ವರ್ಷದ ಅದೇ ಅವಧಿಯ 30 ಪಟ್ಟನ್ನು ಮೀರಿತ್ತು. ಮಾರೆ ನೋಸ್ಟ್ರಮ್ ಅನ್ನು ಕೊನೆಗೊಳಿಸಿದ್ದು ಗಂಭೀರ ತಪ್ಪು, ಅದಕ್ಕೆ ಮಾನವ ಜೀವಗಳ ಬೆಲೆ ತೆರಬೇಕಾಯಿತು ಎಂದು ಐರೋಪ್ಯ ಆಯೋಗದ ಅಂದಿನ ಅಧ್ಯಕ್ಷ ಜಾನ್ ಕ್ಲೋಡ್ ಯುಂಕರ್ ಅವರು ಅದೇ ತಿಂಗಳ ಕೊನೆಯಲ್ಲಿ ಐರೋಪ್ಯ ಸಂಸತ್ತಿನ ಮುಂದೆ ಒಪ್ಪಿಕೊಂಡರು.

ಮತ್ತೆ ಬಂದ ಯುದ್ಧನೌಕೆಗಳು

2015ರ ಏಪ್ರಿಲ್ 23ರಂದು ಸಭೆ ಸೇರಿದ ಐರೋಪ್ಯ ಒಕ್ಕೂಟದ ನಾಯಕರು ಟ್ರೈಟನ್‌ನ ಅನುದಾನವನ್ನು ಮೂರು ಪಟ್ಟು ಹೆಚ್ಚಿಸಲು ನಿರ್ಧರಿಸಿದರು. ಅದರ ಗಸ್ತಿನ ವ್ಯಾಪ್ತಿಯೂ ಸಿಸಿಲಿಯ ದಕ್ಷಿಣಕ್ಕೆ 138 ನಾಟಿಕಲ್ ಮೈಲಿಗಳವರೆಗೆ ವಿಸ್ತರಿಸಿತು. ಆರು ತಿಂಗಳ ಹಿಂದೆ ಇಂತಹ ಕಾರ್ಯಾಚರಣೆಗಳನ್ನು ಬೆಂಬಲಿಸಲು ನಿರಾಕರಿಸಿದ್ದ ಬ್ರಿಟನ್ 'ಬುಲ್ವಾರ್ಕ್' ಎಂಬ ಉಭಯಚರ ನೌಕೆಯನ್ನು ಕಳುಹಿಸಿತು. ಅದು 4,000ಕ್ಕೂ ಹೆಚ್ಚು ಜನರನ್ನು ರಕ್ಷಿಸಿತು. ಐರ್ಲೆಂಡಿನ ನೌಕಾಪಡೆಯು ಸರದಿಯಂತೆ ಕಳುಹಿಸಿದ ನೌಕೆಗಳು ಆ ವರ್ಷ 8,000ಕ್ಕೂ ಹೆಚ್ಚು ಜನರನ್ನು ರಕ್ಷಿಸಿದವು.

2015ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟವು ಕಳ್ಳಸಾಗಣೆಯ ವಿರುದ್ಧ ಪ್ರತ್ಯೇಕ ನೌಕಾ ಕಾರ್ಯಾಚರಣೆಯೊಂದನ್ನು ಆರಂಭಿಸಿತು. ಆಗಸ್ಟ್ 24ರಂದು ಜರ್ಮನಿಯ 'ಶ್ಲೇಸ್ವಿಗ್ ಹೋಲ್‌ಸ್ಟೈನ್' ಯುದ್ಧನೌಕೆಯ ಮೇಲೆ ಸೊಮಾಲಿಯಾದ ಮಹಿಳೆಯೊಬ್ಬರು ಹೆಣ್ಣುಮಗುವಿಗೆ ಜನ್ಮ ನೀಡಿದರು. ಮಗುವಿಗೆ ಸೋಫಿಯಾ ಎಂದು ಹೆಸರಿಡಲಾಯಿತು. ಕಾರ್ಯಾಚರಣೆಗೂ ಅದೇ ಹೆಸರು ಬಂದಿತು. ಸೋಫಿಯಾ ಕಾರ್ಯಾಚರಣೆಯು ಸುಮಾರು 45,000 ಜನರನ್ನು ರಕ್ಷಿಸಿತು. ರಕ್ಷಿಸಿದವರನ್ನು ಎಲ್ಲಿ ಇಳಿಸಬೇಕೆಂಬ ಬಗ್ಗೆ ಸದಸ್ಯ ರಾಷ್ಟ್ರಗಳಲ್ಲಿ ಒಮ್ಮತ ಮೂಡದ ಕಾರಣ 2019ರ ವಸಂತಕಾಲದಲ್ಲಿ ಅದರ ನೌಕೆಗಳನ್ನು ಹಿಂದಕ್ಕೆ ಕರೆಸಿಕೊಂಡು ವಿಮಾನಗಳನ್ನಷ್ಟೇ ಉಳಿಸಲಾಯಿತು. 2020ರ ಮಾರ್ಚ್ 31ರಂದು ಅದು ಕೊನೆಗೊಂಡಿತು. ಈ ನಡುವೆ, 2017ರಲ್ಲಿ ಇಟಲಿಯು ಲಿಬಿಯಾದೊಂದಿಗೆ ಮಾಡಿಕೊಂಡ ಒಡಂಬಡಿಕೆಯ ಬಳಿಕ, ವಲಸಿಗರನ್ನು ತಡೆದು ಹಿಂದಿರುಗಿಸುವ ಕೆಲಸವನ್ನು ಲಿಬಿಯಾದ ಕರಾವಳಿ ಕಾವಲು ಪಡೆಯೇ ಹೆಚ್ಚಾಗಿ ಮಾಡತೊಡಗಿತು.

ಮೃತರ ಗುರುತಿಸುವಿಕೆ

2015ರ ಏಪ್ರಿಲ್‌ನಲ್ಲಿ ಮುಳುಗಿದ ದೋಣಿಯನ್ನು ಇಟಲಿಯ ನೌಕಾಪಡೆಯು 2016ರ ಜೂನ್‌ನಲ್ಲಿ ಸುಮಾರು 370 ಮೀಟರ್ ಆಳದಿಂದ ಮೇಲೆತ್ತಿ ಔಗುಸ್ತಾ ಬಂದರಿಗೆ ತಂದಿತು. ಮಿಲಾನ್ ವಿಶ್ವವಿದ್ಯಾಲಯದ ನ್ಯಾಯವೈದ್ಯಶಾಸ್ತ್ರಜ್ಞೆ ಕ್ರಿಸ್ಟೀನಾ ಕತ್ತಾನೆಯೊ ಅವರ ನೇತೃತ್ವದಲ್ಲಿ ಮೃತರ ಗುರುತು ಪತ್ತೆಹಚ್ಚುವ ಕಾರ್ಯ ನಡೆಯಿತು. ಮಾಲಿ ದೇಶದ, ಸುಮಾರು 14 ವರ್ಷದ ಬಾಲಕನೊಬ್ಬನ ಉಡುಪಿನೊಳಗೆ ಹೊಲಿದಿಟ್ಟಿದ್ದ ಶಾಲಾ ಅಂಕಪಟ್ಟಿ ದೊರೆತ ಸಂಗತಿಯನ್ನು ಅವರು ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಮೃತರಲ್ಲಿ ಅನೇಕರ ಹೆಸರುಗಳು ಇನ್ನೂ ತಿಳಿದುಬಂದಿಲ್ಲ.

ಸ್ಮರಣೆ ಮತ್ತು ಕಲೆ

ಲ್ಯಾಂಪೆಡೂಸಾ ದುರಂತ ನಡೆದ ಅಕ್ಟೋಬರ್ 3ನ್ನು ವಲಸೆಯ ಬಲಿಪಶುಗಳ ಸ್ಮರಣೆಯ ರಾಷ್ಟ್ರೀಯ ದಿನವೆಂದು ಇಟಲಿಯು 2016ರಲ್ಲಿ ಕಾನೂನಿನ ಮೂಲಕ ಘೋಷಿಸಿತು. ಕಿಕ್ಕಿರಿದ ದೋಣಿಯಲ್ಲಿ ತಲೆಯೆತ್ತಿ ಆಕಾಶ ನೋಡುತ್ತಿರುವ ನೂರಾರು ಜನರ ಚಿತ್ರವನ್ನು ಛಾಯಾಗ್ರಾಹಕ ಮಾಸ್ಸಿಮೊ ಸೆಸ್ಟಿನಿ ಅವರು 2014ರ ಜೂನ್‌ನಲ್ಲಿ, ಈ ಕಾರ್ಯಾಚರಣೆಯ ವೇಳೆ, ನೌಕಾಪಡೆಯ ಹೆಲಿಕಾಪ್ಟರ್‌ನಿಂದ ತೆಗೆದರು. ಅದಕ್ಕೆ 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಬಹುಮಾನ ಲಭಿಸಿತು. ಲ್ಯಾಂಪೆಡೂಸಾದ ಜನಜೀವನವನ್ನೂ ನೌಕಾಪಡೆಯ ರಕ್ಷಣಾಕಾರ್ಯವನ್ನೂ ಚಿತ್ರಿಸಿದ ಜಾನ್‌ಫ್ರಾಂಕೊ ರೋಸಿ ಅವರ 'ಫುವೊಕೊಅಮ್ಮಾರೆ' ಎಂಬ ಸಾಕ್ಷ್ಯಚಿತ್ರವು 2016ರ ಬರ್ಲಿನ್ ಚಲನಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪ್ರಶಸ್ತಿ ಪಡೆಯಿತು. 2015ರ ಏಪ್ರಿಲ್‌ನಲ್ಲಿ ಮುಳುಗಿದ ದೋಣಿಯ ಒಡಲನ್ನು 2019ರ ವೆನಿಸ್ ಬಿನಾಲೆ ಕಲಾಪ್ರದರ್ಶನದಲ್ಲಿ ಇರಿಸಲಾಗಿತ್ತು.

ಇವನ್ನೂ ನೋಡಿ

- ಮೆಡಿಟರೇನಿಯನ್ ಸಮುದ್ರ
- ಲ್ಯಾಂಪೆಡೂಸಾ
- ನಿರಾಶ್ರಿತರು
- ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ
- ಸಿರಿಯಾದ ಅಂತರ್ಯುದ್ಧ